ಚಿಕ್ಕಪ್ಪ ಮಾಡಿದ ತಪ್ಪೇನು?

ನಮ್ಮ ಕಾಲೇಜಿನ ಸಾಹಿತ್ಯ ಸಂಘದಲ್ಲಿ ತಿಂಗಳಿಗೊಂದು ಪುಸ್ತಕವನ್ನು ಹಿಡಿದು ಮಾತನಾಡುವ ಪದ್ಧತಿಯನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಬರುವವರು ಹದಿನೈದು ಇಪ್ಪತ್ತು ಮಂದಿ. ಅವರಲ್ಲಿ ಪುಸ್ತಕವನ್ನು ಓದಿಕೊಂಡು ಬರುವವರು ಐದಾರು ಮಂದಿ. ಕಳೆದ ಸಲ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಕಿರುಕಾದಂಬರಿಯ ಸರದಿ. ನಾನು ಮುಕ್ಕಾಲು ಗಂಟೆ ಮಾತನಾಡಿದೆ. ವ್ಯಾಪಾರದ ನಿರ್ದಯವಾದ ಮಹತ್ವಾಕಾಂಕ್ಷೆಯು ಒಂದು ಸಜ್ಜನ ಕುಟುಂಬವನ್ನು ಹೇಗೆ ನುಂಗುತ್ತದೆ, ಹಣ ಬಂದ ಮನೆಯಿಂದ ಮನುಷ್ಯತ್ವ ಹೇಗೆ ಕಾಲ್ತೆಗೆಯುತ್ತದೆ ಎಂದು, ಇಂಥ ಸಂದರ್ಭಗಳಲ್ಲಿ ಮೇಷ್ಟರುಗಳು ಆಡಬೇಕಾದ ಮಾತುಗಳನ್ನೆಲ್ಲ ಆಡಿದೆ. ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಬಿ.ಕಾಂ. ಎರಡನೆಯ ವರ್ಷದ ಹುಡುಗನೊಬ್ಬ ಎದ್ದು ನಿಂತ. “ಎಲ್ಲ ಸರಿ ಸರ್. ಆದರೆ ಆ ಚಿಕ್ಕಪ್ಪ ಏನು ತಪ್ಪು ಮಾಡಿದ ಅಂತ ನೀವು ಹೇಳಲೇ ಇಲ್ಲ” ಎಂದ.

ಈ ಹುಡುಗನ ತಂದೆಗೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಿರಾಣಿ ಅಂಗಡಿ. ಸಂಜೆ ಕಾಲೇಜು ಬಿಟ್ಟೊಡನೆ ಇವನೂ ಹೋಗಿ ತಕ್ಕಡಿಯ ಮುಂದೆ ನಿಲ್ಲುತ್ತಾನೆಂದು ನಾನು ಬಲ್ಲೆ. “ತಪ್ಪು ಮಾಡಿದ್ದು ಚಿಕ್ಕಪ್ಪ ಅಲ್ಲಪ್ಪ, ಹಣ” ಎಂದು ನಾನು ಅಂದೆ. ಸಭೆಗೆ ಉತ್ತರ ಒಪ್ಪಿಗೆಯಾದಂತೆ ಕಂಡಿತು, ಒಬ್ಬಿಬ್ಬರು ತಲೆದೂಗಿದರು. ಹುಡುಗ “ಸರಿ ಸರ್” ಎಂದು ಕುಳಿತುಕೊಂಡ. ಅವನು ಕುಳಿತ ರೀತಿಯಲ್ಲಿಯೇ ಉತ್ತರ ಅವನಿಗೆ ಮುಟ್ಟಲಿಲ್ಲವೆಂದು ತಿಳಿಯಿತು. ಮನೆಗೆ ಬಂದು ಪುಸ್ತಕವನ್ನು ಮತ್ತೆ ತೆರೆದೆ. ನೂರರ ಆಸುಪಾಸು ಪುಟಗಳ ಪುಸ್ತಕ. ರಾತ್ರಿಯ ಊಟಕ್ಕೆ ಮೊದಲು ಅರ್ಧ, ಆಮೇಲೆ ಅರ್ಧ ಓದಿ ಮುಗಿಸಿದೆ. ಅಂದು ಸಭೆಯಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಈಗ ನನಗೆ ತೋರುತ್ತದೆ.

ಮೊದಲು ಒಂದು ಮಾತು. ಆಧುನಿಕ ಕನ್ನಡ ಸಾಹಿತ್ಯವನ್ನು ಕಟ್ಟಿದವರನ್ನು ಜೀವನೋಪಾಯದ ದೃಷ್ಟಿಯಿಂದ ಒಮ್ಮೆ ನೋಡೋಣ. ಬಿ.ಎಂ.ಶ್ರೀಯವರು ಅಧ್ಯಾಪಕರು, ಕುವೆಂಪು ಅಧ್ಯಾಪಕರು, ಬೇಂದ್ರೆಯವರು ಮಾಸ್ತರರು, ಮಾಸ್ತಿಯವರು ಮೈಸೂರು ಸಂಸ್ಥಾನದ ಅಧಿಕಾರಿಗಳು, ಮುಂದೆ ಬಂದ ಅಡಿಗರು, ಅನಂತಮೂರ್ತಿಯವರು ಇಂಗ್ಲಿಷು ಅಧ್ಯಾಪಕರು. ಕಾರಂತರಂಥವರು ಮುದ್ರಣಾಲಯ ಇಟ್ಟು, ಹತ್ತಾರು ಪ್ರಯೋಗ ಮಾಡಿ ಕೈ ಸುಟ್ಟುಕೊಂಡವರು. ಆದರೆ ಅವರು ಅಪವಾದ. ಒಟ್ಟಿನಲ್ಲಿ ನಮ್ಮ ಸಾಹಿತ್ಯವನ್ನು ಬರೆದ ಕೈ ಬಹುಮಟ್ಟಿಗೆ ತಿಂಗಳ ಮೊದಲ ತಾರೀಖು ಸಂಬಳದ ಪುಸ್ತಕಕ್ಕೆ ಸಹಿ ಹಾಕಿದ ಕೈ. ಇದನ್ನು ಕೊಂಕಾಗಿ ಹೇಳುತ್ತಿಲ್ಲ. ನಾನೂ ಹಾಗೆ ಸಹಿ ಹಾಕುವವನೆ. ಆದರೆ ಇದರ ಪರಿಣಾಮವೊಂದು ನಮ್ಮ ಕಥೆ ಕಾದಂಬರಿಗಳಲ್ಲಿ ಉಳಿದುಬಂದಿದೆ. ಅಂಗಡಿಯನ್ನು ನಾವು ಯಾವಾಗಲೂ ಗಿರಾಕಿ ನಿಲ್ಲುವ ಕಡೆಯಿಂದಲೇ ನೋಡಿದ್ದೇವೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ಮುಖ ನಮಗೆ ಕಾಣುತ್ತದೆ. ಅವನ ಎದುರಿಗಿರುವುದು ಅವನಿಗೆ ಹೇಗೆ ಕಾಣುತ್ತದೆಯೋ ಅದು ನಮಗೆ ಕಾಣುವುದಿಲ್ಲ. ಆದುದರಿಂದ ಸಂಬಳದವನು ಬಡವ, ನೇರ, ಮರ್ಯಾದಸ್ಥ. ವ್ಯಾಪಾರಿ ಜಾಣ, ನಿಷ್ಕರುಣಿ. ಈ ಎರಡು ಮುಖವಾಡಗಳು ನಮ್ಮ ವಿಮರ್ಶೆಯಲ್ಲಿಯೂ ಬೇರೂರಿ ಕುಳಿತಿವೆ.

ಕಾರಂತರ ‘ಮರಳಿ ಮಣ್ಣಿಗೆ’ 1941ರಷ್ಟು ಹಿಂದೆಯೇ ಈ ವಿಷಯದ ಅಂಚನ್ನು ಮುಟ್ಟಿತ್ತು. ಶೀನಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೋಟೆಲು ಇಟ್ಟು ಹಣ ಮಾಡಿದುದನ್ನು ಕಂಡು ನೆರೆಮನೆಯ ರಾಮ ಐತಾಳರಿಗೆ ಸಂಕಟ. ತಮ್ಮ ಮಗ ಲಚ್ಚನನ್ನು ಅವರು ಇಂಗ್ಲಿಷು ಓದಿಸಲು ಹೊರಡುವುದರ ಹಿಂದೆ ಆ ಸಂಕಟವೂ ಕೆಲಸ ಮಾಡುತ್ತದೆ. ಒಬ್ಬನದು ಹೋಟೆಲು, ಇನ್ನೊಬ್ಬನದು ಓದು. ಒಳಗಿನ ಆಸೆ ಒಂದೆ. ಕಾರಂತರು ಇದನ್ನು ಕಂಡರು. ಆದರೆ ಆ ಕಾದಂಬರಿಯ ಮನಸ್ಸು ಇರುವುದು ಮಣ್ಣು, ಕಡಲು, ಹೆಂಗಸರ ದುಡಿಮೆ ಇವುಗಳ ಕಡೆ. ಹೋಟೆಲಿನ ಒಲೆಯ ಮುಂದೆ ಬೆಂದವರ ಕಥೆ ಅವರಿಗೆ ಮುಖ್ಯವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

‘ಘಾಚರ್ ಘೋಚರ್’ 2013ರಲ್ಲಿ ಬಂತು. ಶ್ರೀನಾಥ್ ಪೇರೂರರ ಇಂಗ್ಲಿಷು ಅನುವಾದದ ಮೂಲಕ, 2015ರಿಂದೀಚೆಗೆ, ಅದು ದೇಶ ವಿದೇಶಗಳಲ್ಲಿ ಓದುಗರನ್ನು ಪಡೆಯಿತು. ಕಥೆಯನ್ನು ಅರಿಯದವರಿಗಾಗಿ ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂದು ಕೆಳ ಮಧ್ಯಮ ವರ್ಗದ ಮನೆ. ಅಪ್ಪ ಚಹದ ಪುಡಿ ಮಾರುವ ಕಂಪನಿಯಲ್ಲಿ ಸೇಲ್ಸ್‌ಮನ್. ಅವನ ತಮ್ಮ, ಅಂದರೆ ಕಥೆ ಹೇಳುವವನ ಚಿಕ್ಕಪ್ಪ, ಇದೇ ಮನೆಯಲ್ಲಿ ಬೆಳೆದವನು. ಅಪ್ಪ ಕೆಲಸದಿಂದ ಬಿಡುಗಡೆ ಹೊಂದಬೇಕಾಗಿ ಬಂದಾಗ, ಕೈಗೆ ಬಂದ ಇಡಿಗಂಟನ್ನು ಚಿಕ್ಕಪ್ಪನ ಯೋಚನೆಯೊಂದಕ್ಕೆ ಹಾಕುತ್ತಾನೆ. ಮಸಾಲೆ ಸಾಮಾನನ್ನು ಸಗಟಿನಲ್ಲಿ ತರಿಸಿ, ಸಣ್ಣ ಸಣ್ಣ ಪ್ಯಾಕೆಟ್ಟು ಮಾಡಿ ಅಂಗಡಿಗಳಿಗೆ ಹಾಕುವ ವ್ಯಾಪಾರ. ‘ಸೋನಾ ಮಸಾಲಾ’ ಎಂದು ಹೆಸರು. ಹಣ ಬರುತ್ತದೆ. ಮನೆ ಬದಲಾಗುತ್ತದೆ, ಮನೆಯವರು ಬದಲಾಗುತ್ತಾರೆ. ಮಗಳು ಮಾಲತಿ ಗಂಡನ ಮನೆ ಬಿಟ್ಟು ಬಂದು ಕೂರುತ್ತಾಳೆ. ಮಗ, ಅಂದರೆ ನಿರೂಪಕ, ಕಂಪನಿಯ ಡೈರೆಕ್ಟರೆಂದು ಹೆಸರು ಹಾಕಿಸಿಕೊಂಡು ಏನೂ ಕೆಲಸವಿಲ್ಲದೆ ಸಂಬಳ ತೆಗೆದುಕೊಳ್ಳುತ್ತಾನೆ. ಅವನ ಕೈಹಿಡಿದು ಬಂದ ಹೈದರಾಬಾದಿನ ಅನಿತಾ ಈ ವ್ಯವಸ್ಥೆಗೆ ಒಗ್ಗುವುದಿಲ್ಲ. ಶೀರ್ಷಿಕೆಯ ಮಾತು ಅವಳದು. ಗಾಳಿಪಟದ ದಾರ ಬಿಡಿಸಲಾರದಷ್ಟು ಸಿಕ್ಕಾದಾಗ ಅವಳೂ ಅವಳ ತಮ್ಮನೂ ಚಿಕ್ಕಂದಿನಲ್ಲಿ ಕಟ್ಟಿಕೊಂಡ ಮಾತು. ಕೊನೆಗೆ ಅವಳಿಗೆ ಏನಾಯಿತೆಂಬುದನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿರುವುದರಿಂದಲೇ ಓದುಗನ ಬೆನ್ನಿಗೆ ಚಳಿ ಹಿಡಿಯುತ್ತದೆ.

ಪುಸ್ತಕದ ಉತ್ತಮ ಪುಟಗಳು ಹಳೆಯ ಮನೆಯವು ಎಂಬುದರಲ್ಲಿ ಎರಡು ಅಭಿಪ್ರಾಯವಿರಲಾರದು. ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆ. ಎಲ್ಲಿಂದಲೋ ಹೊರಡುವ ಇರುವೆಗಳು. ಅಮ್ಮ ಅವುಗಳ ಮೇಲೆ ಸಾರಿದ ಯುದ್ಧ. ಸಂಜೆ ಅಪ್ಪ ಬಂದು ದಿನದ ವಸೂಲಿಯನ್ನೂ ಲೆಕ್ಕವನ್ನೂ ಮುಂದಿಟ್ಟುಕೊಂಡು ಕೂರುತ್ತಾನೆ. ಲೆಕ್ಕ ತಾಳೆಯಾಗುವ ತನಕ ಮನೆಯೆಲ್ಲ ಉಸಿರು ಬಿಗಿ ಹಿಡಿದಿರುತ್ತದೆ. ಈ ಭಾಗವನ್ನು ಓದುವಾಗ, ಸಂಬಳದ ಮನೆಯಲ್ಲಿ ಬೆಳೆದ ಯಾವನಿಗಾದರೂ ತನ್ನ ತಂದೆಯ ಕನ್ನಡಕವೂ ಪೆನ್ನೂ ನೆನಪಾಗದಿರದು. ಗ್ಯಾಸ್ ಒಲೆಯನ್ನು ಕೊಳ್ಳುವುದೆಂದರೆ ಅಲ್ಲಿ ಒಂದು ಸಂಸಾರದ ಸಮಾಲೋಚನೆ. ಪ್ರತಿಯೊಬ್ಬನ ಬಯಕೆಗೂ ಇನ್ನೊಬ್ಬನ ಅನುಮತಿ ಬೇಕು. ನಾನು ಸಭೆಯಲ್ಲಿ ಈ ಭಾಗವನ್ನು ಹೊಗಳುತ್ತ, ಇದು ನಾವು ಕಳೆದುಕೊಂಡ ಸ್ವರ್ಗವೆಂಬ ಅರ್ಥ ಬರುವಂತೆ ಮಾತನಾಡಿದೆ.

ಈಗ ಅನ್ನಿಸುತ್ತದೆ, ಲೇಖಕರು ಅದನ್ನು ಸ್ವರ್ಗವೆಂದು ಎಲ್ಲಿಯೂ ಬರೆದಿಲ್ಲ. ಆ ಮನೆಯಲ್ಲಿ ಒಗ್ಗಟ್ಟಿದೆ, ಸರಿಯೆ. ಆದರೆ ಆ ಒಗ್ಗಟ್ಟಿನ ಬೆನ್ನೆಲುಬು ಭಯ. ಲೆಕ್ಕ ತಪ್ಪಿದರೆ ಕೆಲಸ ಹೋಗುವ ಭಯ. ಕೆಲಸ ಹೋದರೆ ಐದು ಜನ ಬೀದಿಗೆ ಬೀಳುವ ಭಯ. ಎಷ್ಟೋ ವರ್ಷ ಬೀದಿ ಬೀದಿ ಸುತ್ತಿ ಚಹಾ ಮಾರಿದವನನ್ನು ಕಂಪನಿ ತನಗೆ ಬೇಡವಾದ ದಿನ ಮನೆಗೆ ಕಳಿಸುತ್ತದೆ. ಇದು ನಿರ್ದಯವಲ್ಲವೆ? ನಾವು ಅದನ್ನು ಹಾಗೆ ಕರೆಯುವುದಿಲ್ಲ. ಅದು ಕಾಗದದ ಮೇಲೆ, ನಿಯಮದಂತೆ, ಇಡಿಗಂಟಿನ ಸಮೇತ ನಡೆಯುತ್ತದೆ. ಇನ್ನು ಇರುವೆ. ಮುಂದೆ ಆ ಮನೆ ಮನುಷ್ಯರ ವಿಷಯದಲ್ಲಿ ತೋರುವ ಕಾಠಿಣ್ಯದ ಮೊದಲ ಪಾಠ ಬಡತನದ ಕಾಲದಲ್ಲಿಯೇ, ಆ ಇರುವೆಗಳ ಮೇಲೆಯೇ ನಡೆದಿದೆ. ಹಣ ಬಂದು ಅವರನ್ನು ಕೆಡಿಸಿತು ಎನ್ನುವ ನನ್ನಂಥವರು ಇರುವೆಯ ಪ್ರಸಂಗವನ್ನು ವಿನೋದವೆಂದು ಓದಿ ಮುಂದಕ್ಕೆ ಹೋಗಿಬಿಡುತ್ತೇವೆ.

ಹೊಸ ಮನೆಗೆ ಬಂದ ಮೇಲೆ ನೋಡಿ. ಚಿಕ್ಕಪ್ಪ ಏಳುವ ಹೊತ್ತು, ಅವನ ತಿಂಡಿ, ಅವನ ಸ್ನಾನದ ನೀರು, ಅವನ ಮುಖದ ಲಕ್ಷಣ, ಇವುಗಳ ಸುತ್ತ ಮನೆಯ ದಿನಚರಿ ಸುತ್ತುತ್ತದೆ. ಅವನಿಗೆ ಬೇಸರವಾಗಬಾರದು, ಅವನ ಆಯಾಸಕ್ಕೆ ಎಲ್ಲರೂ ಮರುಗಬೇಕು. ಇದನ್ನು ನಾವು ಕುಟುಂಬ ವಾತ್ಸಲ್ಯದ ವಿಡಂಬನೆ ಎಂದು ಓದಿದ್ದೇವೆ. ಆದರೆ ಯಾವುದಾದರೂ ಕಛೇರಿಯಲ್ಲಿ ನಾಲ್ಕು ದಿನ ಕೆಲಸ ಮಾಡಿದವನಿಗೆ ಈ ಚಿತ್ರ ಪರಿಚಿತವೇ. ಸಾಹೇಬರು ಬರುವ ಹೊತ್ತಿಗೆ ಮೇಜು ಒರೆಸಿರಬೇಕು, ಅವರ ಮುಖ ನೋಡಿ ಕಡತ ಮುಂದಿಡಬೇಕು. ಈ ಮನೆ ಒಂದು ಆಫೀಸಾಗಿದೆ. ಅಮ್ಮ, ಮಾಲತಿ, ನಿರೂಪಕ, ಎಲ್ಲರೂ ಚಿಕ್ಕಪ್ಪನ ನೌಕರರು. ನೌಕರಿಯ ನಿತ್ಯದ ಜೀತದಿಂದ ಪಾರಾದೆವೆಂದು ಅವರು ತಿಳಿದಿದ್ದಾರೆ. ನಿಜಕ್ಕೆ ಜೀತ ಬೀದಿಯಿಂದ ಎದ್ದು ಬಂದು ಅಡುಗೆಮನೆಯಲ್ಲಿ ಕುಳಿತಿದೆ, ಅಷ್ಟೆ. ಹಿಂದೆ ಅಪ್ಪನೊಬ್ಬ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ. ಈಗ ಯಾರಿಗೂ ಸಂಜೆ ಎಂಬುದಿಲ್ಲ.

ಆ ಹೆಂಗಸಿನ ಪ್ರಸಂಗವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬಳು ಬಾಗಿಲಿಗೆ ಬರುತ್ತಾಳೆ. ಅವನಿಗಾಗಿ ಮಸೂರ ಬೇಳೆಯ ಅಡುಗೆ ಮಾಡಿ ತಂದಿದ್ದಾಳೆ. ಅಮ್ಮನೂ ಮಾಲತಿಯೂ ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ತಂದ ಅಡುಗೆ ಬೀದಿಯ ಪಾಲಾಗುತ್ತದೆ. ಚಿಕ್ಕಪ್ಪ ಮನೆಯಲ್ಲಿದ್ದೂ ಹೊರಗೆ ಬರುವುದಿಲ್ಲ. ಇದು ಇಡೀ ಪುಸ್ತಕದ ಅತ್ಯಂತ ಕ್ರೂರವಾದ ಘಟನೆ. ಗಮನಿಸಿ: ಇದನ್ನು ಮಾಡಿದವರು ವ್ಯಾಪಾರಿಗಳಲ್ಲ. ಒಂದು ಪೈಸೆಯ ವ್ಯಾಪಾರವನ್ನೂ ಮಾಡದ ಇಬ್ಬರು ಗೃಹಿಣಿಯರು ಮಾಡಿದರು. ಧಣಿ ಬಾಯಿ ತೆರೆಯುವ ಮೊದಲೇ, ಅವನು ಹೇಳದೆಯೇ ಮಾಡಿದರು. ಮಹತ್ವಾಕಾಂಕ್ಷೆಯವನಿಗೆ ಕ್ರೌರ್ಯ ಒಂದು ಸಾಧನವಿರಬಹುದು. ಅವನ ಅನ್ನ ತಿನ್ನುವವರಿಗೆ ಅದು ದಿನದ ಡ್ಯೂಟಿ. ಬಾಕಿ ವಸೂಲಿಗೆಂದು ಕಂಪನಿ ಸಾಕಿದ ಜನವೇ ಮಾಲತಿಯ ಜೊತೆ ಅವಳ ಗಂಡನ ಮನೆಗೆ ಹೋಗಿ ಒಡವೆ ತರುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಗೋಡೌನಿನ ಪದ್ಧತಿ ಸಂಸಾರಕ್ಕೆ ಬಂದದ್ದು ಚಿಕ್ಕಪ್ಪ ಹೊತ್ತು ತಂದದ್ದರಿಂದಲ್ಲ. ಮನೆಯವರು ಅದನ್ನು ಕೇಳಿ ಪಡೆದರು.

ಇನ್ನು ಅಪ್ಪ. ಅವನನ್ನು ಈ ಕಥೆಯ ಅಂತಃಸಾಕ್ಷಿಯೆಂದು ಕರೆಯುವ ರೂಢಿ ಬಿದ್ದಿದೆ, ನಾನೂ ಕರೆದೆ. ಅವನು ಮಿತಭಾಷಿ, ಸರಳ, ಹೊಸ ಐಶ್ವರ್ಯಕ್ಕೆ ಹೊಂದಿಕೊಳ್ಳದವನು. ಎಲ್ಲ ನಿಜ. ಆದರೆ ವ್ಯಾಪಾರಕ್ಕೆ ಬಂಡವಾಳ ಹಾಕಿದವನು ಅವನು. ಅರ್ಧ ಪಾಲು ಅವನ ಹೆಸರಿನಲ್ಲಿದೆ. ಆ ಅರ್ಧವನ್ನು ಅವನು ಎಲ್ಲಿ ದಾನಕ್ಕೆ ಬರೆದುಬಿಡುತ್ತಾನೋ ಎಂದು ಮನೆಯವರು ಹೆದರುತ್ತಾರೆ. ಹಾಗೆ ಅವನು ಬರೆದನೆ? ಬರೆಯಲಿಲ್ಲ. ಬೇಡವೆಂದು ಎದ್ದು ಹೋದನೆ? ಹೋಗಲಿಲ್ಲ. ಅವನ ಸಜ್ಜನಿಕೆಯೆಲ್ಲ ಸುಮ್ಮನಿರುವುದರಲ್ಲಿಯೇ ಮುಗಿಯುತ್ತದೆ. ಸಂಬಳದ ಕಾಲದಲ್ಲಿ ಪೈಸೆ ಪೈಸೆಗೆ ಲೆಕ್ಕವಿಟ್ಟವನು ಈಗಿನ ಹಣ ಯಾವ ದಾರಿಯಿಂದ ಬರುತ್ತದೆಂಬ ಲೆಕ್ಕವನ್ನು ಕೇಳುವುದಿಲ್ಲ. ಕಂಪನಿಯ ಲೆಕ್ಕ ತಪ್ಪಿದರೆ ನಿದ್ದೆಗೆಡುತ್ತಿದ್ದ ಮನುಷ್ಯನೇ ಇವನು ಎಂಬುದನ್ನು ಲೇಖಕರು ಒತ್ತಿ ಹೇಳದೆ ಬಿಟ್ಟಿದ್ದಾರೆ. ಒತ್ತಿ ಹೇಳುವುದು ಅವರ ಜಾಯಮಾನವಲ್ಲ.

ಇಲ್ಲಿ ಕಾಯಕದ ಮಾತನ್ನು ತರುವುದು ನಮ್ಮಲ್ಲಿ ವಾಡಿಕೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಒಂದು ದಿನ ಅವಶ್ಯಕತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಸುರಿದು ಬರುವಂತೆ ಮಾಡಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಸಮಾರಂಭಗಳಲ್ಲಿ ಅದನ್ನು ಕೇಳಿ ಕೇಳಿ ಸವೆದಿದೆ. ಆದರೂ ಒಂದು ಹೋಲಿಕೆಗೆ ಅದು ಬೇಕು. ಗಂಡನಿಗೆ ಅನಿತಾ ಹೇಳುವುದೂ ಹೆಚ್ಚು ಕಡಿಮೆ ಅದನ್ನೇ: ನೀನು ದುಡಿದದ್ದನ್ನು ತಾ, ದುಡಿಯದ್ದು ಬೇಡ. ಲಕ್ಕಮ್ಮನ ಮಾತನ್ನು ಕೇಳಿ ಗಂಡ ಅಕ್ಕಿಯನ್ನು ಹಿಂದಕ್ಕೆ ಒಯ್ದ. ಆದ್ದರಿಂದ ಅವಳು ಶರಣೆಯಾದಳು. ಅನಿತಾಳ ಗಂಡ ಎದ್ದು ಕಾಫಿ ಹೌಸಿಗೆ ಹೋಗುತ್ತಾನೆ.

ಸಂಬಳದವನ ಲೋಕ ನಿರ್ದೋಷವೆಂದು ಇನ್ನೂ ನಂಬಿರುವವರು ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಓದಬೇಕು. 1979ರಲ್ಲಿ ಪ್ರಕಟವಾದ ಕಾದಂಬರಿ. ಚಿತ್ತಾಲರೂ ಶಾನಭಾಗರೂ ಉತ್ತರ ಕನ್ನಡ ಜಿಲ್ಲೆಯವರು. ಇಬ್ಬರೂ ಅಧ್ಯಾಪಕರಲ್ಲ, ಉದ್ಯಮದ ಒಳಗೆ ದುಡಿದ ತಂತ್ರಜ್ಞರು. ಇದು ಆಕಸ್ಮಿಕವಲ್ಲವೆಂದು ನನ್ನ ಭಾವನೆ. ‘ಶಿಕಾರಿ’ಯ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ, ಹನೇಹಳ್ಳಿಯಿಂದ ಬಂದು ಬುದ್ಧಿಬಲದಿಂದ ಮೇಲೇರಿದವನು, ಅಮೆರಿಕಕ್ಕೆ ಹೋಗುವ ಹೊಸ್ತಿಲಲ್ಲಿದ್ದಾನೆ. ಅಷ್ಟರಲ್ಲಿ ಅವನನ್ನು ಕೆಲಸದಿಂದ ತಡೆಹಿಡಿಯುವ ಪತ್ರ ಬರುತ್ತದೆ. ಯಾಕೆಂದು ಅವನಿಗೆ ತಿಳಿಯದು. ಯಾರು ಮಾಡಿದರು, ಫಿರೋಜನೇ ಅಥವಾ ಊರಿನ ಕಡೆಯವನೇ ಆದ ಶ್ರೀನಿವಾಸನೇ, ತನ್ನ ಯಾವ ಹಳೆಯ ಗುಟ್ಟು ಯಾರ ಕೈಗೆ ಸಿಕ್ಕಿದೆ ಎಂದು ಒಳಗೊಳಗೇ ಕುದಿಯುವುದು ಕಾದಂಬರಿಯ ಬಹುಭಾಗ. ಬೇಟೆಯಾಡುವವರಿಗೂ ಬೇಟೆಯಾಗುವವನಿಗೂ ಬರುವುದು ಸಂಬಳವೆ. ಗಲ್ಲಾಪೆಟ್ಟಿಗೆ ಯಾರ ಮುಂದೆಯೂ ಇಲ್ಲ. ನಮ್ಮ ಮುಖವಾಡದ ಲೆಕ್ಕದಂತೆ ಇಲ್ಲಿ ನಿಷ್ಕರುಣಿಗಳು ಇರಬಾರದಾಗಿತ್ತು.

ಎರಡು ಕೃತಿಗಳನ್ನೂ ಪಕ್ಕದಲ್ಲಿಟ್ಟರೆ ಭಾಷೆಯ ವಿಷಯದಲ್ಲಿ ಒಂದು ಅಂಶ ಕಣ್ಣಿಗೆ ಬೀಳುತ್ತದೆ. ‘ಶಿಕಾರಿ’ಯ ಕ್ರೌರ್ಯ ವಿಚಾರಣೆ, ಪತ್ರ, ಸಭೆ ಎಂಬ ಕಛೇರಿಯ ಮಾತಿನಲ್ಲಿ ನಡೆಯುತ್ತದೆ. ‘ಘಾಚರ್ ಘೋಚರ್’ನಲ್ಲಿ ಅದು ಅಕ್ಕರೆಯ ಮಾತಿನಲ್ಲಿ, ಊಟ ಬಡಿಸುತ್ತ ನಡೆಯುತ್ತದೆ. ಚಿತ್ತಾಲರ ನಾಯಕ ತನ್ನೊಳಗನ್ನು ಪುಟಗಟ್ಟಲೆ ಕೆದಕಿಕೊಳ್ಳುತ್ತಾನೆ. ಕೆಲವೆಡೆ ಓದುಗನ ತಾಳ್ಮೆ ಸೋಲುವಷ್ಟು. ಶಾನಭಾಗರ ನಿರೂಪಕ ತನ್ನೊಳಗನ್ನು ಕೆದಕುವುದೇ ಇಲ್ಲ. ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ‘ನಾವು’ ಎಂಬ ಬಹುವಚನದೊಳಗೆ ನುಸುಳಿಕೊಳ್ಳುತ್ತಾನೆ. ನಾಗಪ್ಪನಿಗೆ ಭಯವಿದೆ, ಆದ್ದರಿಂದ ಅವನು ಇನ್ನೂ ಮನುಷ್ಯ. ಇವನಿಗೆ ಭಯ ಬರುವುದು ಕೊನೆಯ ಪುಟದಲ್ಲಿ.

ಕಿರುಕಾದಂಬರಿಯ ಬಗ್ಗೆ ನನ್ನ ಆಕ್ಷೇಪಗಳೂ ಉಂಟು. ಕಾಫಿ ಹೌಸಿನ ಪರಿಚಾರಕ ವಿನ್ಸೆಂಟ್ ಬೇಕಾದಾಗ ಬೇಕಾದ ಮಾತನ್ನು ಒಗಟಿನಂತೆ ಹೇಳಿಹೋಗುವುದು ಸ್ವಲ್ಪ ಹೆಚ್ಚು ಅನುಕೂಲವಾಯಿತು. ಜುಟ್ಟು ಪೇಟದ ಕೆಳಗೆ ಲೇಖಕರ ತಲೆಯೇ ಕಾಣಿಸುತ್ತದೆ. ನಿರೂಪಕ ಬಿಟ್ಟುಬಿಟ್ಟ ಚಿತ್ರಾ ಎಂಬಾಕೆಗೆ ಇನ್ನಷ್ಟು ಜಾಗ ಸಲ್ಲಬೇಕಿತ್ತು. ಇವೆಲ್ಲ ಚಿಕ್ಕವು. ದೊಡ್ಡದು ಆ ಹುಡುಗನ ಪ್ರಶ್ನೆಯ ಹತ್ತಿರಕ್ಕೇ ಬರುತ್ತದೆ. ಚಿಕ್ಕಪ್ಪನಿಗೆ ಈ ಪುಸ್ತಕದಲ್ಲಿ ಹೊಟ್ಟೆಯಿದೆ, ಹಾಸಿಗೆಯಿದೆ, ಮೊಬೈಲ್ ಫೋನಿದೆ, ಮನಸ್ಸಿಲ್ಲ. ವ್ಯಾಪಾರದ ಆರಂಭವನ್ನು ಹೇಳಿ, ಆಮೇಲೆ ಲೇಖಕರು ಗೋಡೌನಿನ ಬಾಗಿಲೆಳೆದುಬಿಡುತ್ತಾರೆ. ನಿರೂಪಕನೇ ಅಲ್ಲಿ ಏನೂ ಮಾಡದವನಾದ್ದರಿಂದ ಅವನಿಗೆ ಗೊತ್ತಿಲ್ಲ, ಆದ್ದರಿಂದ ನಮಗೂ ಗೊತ್ತಿಲ್ಲ ಎಂದು ಸಮರ್ಥಿಸಬಹುದು. ಕಲೆಯ ದೃಷ್ಟಿಯಿಂದ ಆ ಸಮರ್ಥನೆ ನಿಲ್ಲುತ್ತದೆ ಕೂಡ. ಆದರೂ ಒಂದು ಪ್ಯಾಕೆಟ್ಟಿನಿಂದ ಒಂದು ಕಂಪನಿಯಾಗುವ ನಡುವೆ ಒಬ್ಬ ಮನುಷ್ಯ ಏನೇನು ಕಳೆದುಕೊಳ್ಳುತ್ತಾನೆ, ಯಾವ ದಿನ ಅವನು ಮೊದಲ ಸಲ ಇನ್ನೊಬ್ಬನ ಕುತ್ತಿಗೆ ಹಿಡಿಯಬೇಕಾಯಿತು, ಆ ರಾತ್ರಿ ಅವನಿಗೆ ನಿದ್ದೆ ಬಂತೆ, ಇದನ್ನು ಬರೆಯುವವರು ಕನ್ನಡದಲ್ಲಿ ಬರಬೇಕಾಗಿದೆ. ಶಾನಭಾಗರೂ ‘ಸಕೀನಾಳ ಮುತ್ತು’ (2021) ಬರೆಯುವ ಹೊತ್ತಿಗೆ ಮತ್ತೆ ಸಂಬಳದ ಮನುಷ್ಯನ ಕಡೆಗೇ ಹೊರಳಿದರು.

ಮರುದಿನ ಆ ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಿಕೊಂಡು, ವ್ಯಾಪಾರದ ವಿಷಯ ನನಗೆ ತಿಳಿಯದು, ನೀನೇ ಹೇಳು ಎಂದೆ. ಮೊದಲು ಸಂಕೋಚಪಟ್ಟ. ಆಮೇಲೆ ಸರಾಗವಾಗಿ ಹೇಳಿದ. “ಬಿಡಿ ಮಸಾಲೆ ಆದರೆ ತೂಗೋದಕ್ಕೆ ಹೊತ್ತು ಹಿಡಿಯುತ್ತೆ ಸರ್, ಪ್ಯಾಕೆಟ್ಟಾದರೆ ಎತ್ತಿಕೊಟ್ಟರಾಯ್ತು. ಅದಕ್ಕೇ ಅಂಗಡಿಯವರು ತಗೋತಾರೆ. ಆದರೆ ದುಡ್ಡು ಕೈಮೇಲೆ ಕೊಡಲ್ಲ, ಮಾರಿದಮೇಲೆ ಕೊಡ್ತೀವಿ ಅಂತಾರೆ. ನಮ್ಮಪ್ಪನೂ ಹಾಗೇ ಅನ್ನೋದು. ಸಣ್ಣ ಕಂಪನಿ ಉಳಿಯೋದೂ ಮುಳುಗೋದೂ ಅಲ್ಲೇ. ಬಾಕಿ ಕೇಳೋಕೆ ಬರುವವನು ಮೆತ್ತಗಿದ್ದರೆ ಅವನಿಗೆ ಕೊನೇಲಿ ಕೊಡ್ತೀವಿ. ಜೋರಾಗಿದ್ದರೆ ಮೊದಲು ಕೊಡ್ತೀವಿ.” ಹೇಳಿ, ತಾನು ಏನೋ ತಪ್ಪು ಮಾತಾಡಿದೆನೇನೋ ಎಂಬಂತೆ ನನ್ನ ಮುಖ ನೋಡಿದ.

ಅವನ ಮಾತು ಕೇಳುತ್ತ ನನಗೆ ನನ್ನ ತಮ್ಮನ ನೆನಪಾಗುತ್ತಿತ್ತು. ಓದುಗರು ಈ ಸ್ವಂತದ ಮಾತನ್ನು ಕ್ಷಮಿಸಬೇಕು. ಇದನ್ನು ಮುಚ್ಚಿಟ್ಟುಕೊಂಡು ಚಿಕ್ಕಪ್ಪನ ಮೇಲೆ ತೀರ್ಪು ಬರೆಯುವುದು ಪ್ರಾಮಾಣಿಕವಾಗಲಾರದು. ನಮ್ಮ ತಂದೆ ಗುಮಾಸ್ತರಾಗಿದ್ದರು. ಖರ್ಚಿನ ಪುಸ್ತಕದಲ್ಲಿ ಬೆಂಕಿಪೊಟ್ಟಣವನ್ನೂ ಬರೆಯುತ್ತಿದ್ದವರು. ನಾನು ಎಂ.ಎ. ಮಾಡಿ ಅವರ ದಾರಿ ಹಿಡಿದೆ. ತಮ್ಮ ಬಿ.ಕಾಂ. ಅನ್ನು ಅರ್ಧಕ್ಕೆ ಬಿಟ್ಟು, ಬೇಕರಿಗಳಿಗೆ ಮೈದಾ, ಸಕ್ಕರೆ, ವನಸ್ಪತಿ ಒದಗಿಸುವ ಸಗಟು ವ್ಯಾಪಾರಕ್ಕೆ ಇಳಿದ. ಹತ್ತು ವರ್ಷ ಅವನು ಬೆಳಗಿನ ಜಾವ ಎದ್ದು ಮೂಟೆ ಇಳಿಸಿದ್ದನ್ನು ನಾನು ಕಂಡಿದ್ದೇನೆ, ಕಂಡೂ ಅದರ ಬಗ್ಗೆ ಒಂದು ಮಾತು ಕೇಳಿದವನಲ್ಲ. ನಮ್ಮ ಮನೆಯ ಮಹಡಿ ಅವನ ಹಣದಿಂದ ಎದ್ದಿತು. ಆ ಮಹಡಿಯ ಕೋಣೆಯಲ್ಲಿ ಕುಳಿತು ನಾನು ಧನದಾಹದ ಮೇಲೆ ಭಾಷಣ ತಯಾರಿಸುತ್ತೇನೆ.

ಒಂದು ಸಂಜೆ ಊಟಕ್ಕೆ ಕುಳಿತಾಗ ಅವನು ಹೇಳಿದ: ಬಾಕಿ ಕೊಡದ ಬೇಕರಿಯವನೊಬ್ಬನಲ್ಲಿಗೆ ಜನ ಕರೆದುಕೊಂಡು ಹೋಗಿ ಒಲೆಯನ್ನೂ ಹಿಟ್ಟು ಕಲಸುವ ಯಂತ್ರವನ್ನೂ ಲಾರಿಗೆ ಹಾಕಿಸಿಕೊಂಡು ಬಂದನಂತೆ. ಬೇಕರಿಯವನ ತಾಯಿ ಬಾಗಿಲಲ್ಲಿ ಅಡ್ಡ ಕುಳಿತಿದ್ದಳಂತೆ. “ಇನ್ನೇನು ಮಾಡಲಿ ಅಣ್ಣ, ನಾನೂ ಮಿಲ್ಲಿನವರಿಗೆ ಕೊಡಬೇಕಲ್ಲ” ಎಂದ. ನಾನು ಏನನ್ನೂ ಹೇಳಲಿಲ್ಲ. ಸಾರು ಕೇಳಿ ಹಾಕಿಸಿಕೊಂಡೆ. ನನ್ನ ಮಗಳ ಕಾಲೇಜಿನ ಫೀಸನ್ನು ಅವನು ಕಟ್ಟಿದ್ದು ಅದೇ ವಾರ. ಅವನು ಆ ಮಾತನ್ನು ನನಗೆ ಹೇಳಿದ್ದು ಹೆಮ್ಮೆಗಾಗಿ ಅಲ್ಲವೆಂದೂ, ಅಣ್ಣನಾದವನು ತಪ್ಪೋ ಸರಿಯೋ ಏನಾದರೂ ಅನ್ನಲಿ ಎಂದು ಕಾದಿದ್ದನೆಂದೂ ನನಗೆ ಹೊಳೆದದ್ದು ಮೊನ್ನೆ, ಈ ಪುಸ್ತಕವನ್ನು ಎರಡನೆಯ ಸಲ ಓದುವಾಗ. ‘ಘಾಚರ್ ಘೋಚರ್’ನಲ್ಲಿ ಅಪ್ಪ ತಮ್ಮನೊಡನೆ ಮಾತು ತೆಗೆಯದ ಪುಟಗಳನ್ನು ನಾನು ಮೊದಲ ಓದಿನಲ್ಲಿ ಘನತೆಯೆಂದು ತಿಳಿದಿದ್ದೆ.

ಹುಡುಗನಿಗೆ ನನ್ನ ಪ್ರತಿಯನ್ನು ಇನ್ನೊಮ್ಮೆ ಓದೆಂದು ಕೊಟ್ಟಿದ್ದೆ. ಎರಡು ವಾರ ಕಳೆದು ತಂದುಕೊಟ್ಟ. ಹಾಳೆಗಳ ಅಂಚಿಗೆ ಅರಿಸಿನದ ಬೆರಳ ಗುರುತು. ತಾನು ಓದಿ ತಂದೆಗೆ ಕೊಟ್ಟನಂತೆ. ಅವರು ಗಿರಾಕಿ ಇಲ್ಲದ ಹೊತ್ತಿನಲ್ಲಿ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ದಿನಕ್ಕೆ ಏಳೆಂಟು ಪುಟದಂತೆ ಓದಿದರಂತೆ. ಏನಂದರು ಎಂದು ನಾನು ಆಸೆಯಿಂದಲೇ ಕೇಳಿದೆ.

“ಪುಸ್ತಕ ಚೆನ್ನಾಗಿದೆ ಅಂದರು ಸರ್. ಆ ಹುಡುಗಿಯ ಪಾಡು ನೋಡಿ ಬೇಜಾರು ಮಾಡ್ಕೊಂಡರು. ಆಮೇಲೆ ಒಂದು ಕೇಳಿದರು, ಚಿಕ್ಕಪ್ಪ ಅಂಗಡಿಯವರಿಗೆ ಎಷ್ಟು ದಿನದ ಉದ್ರಿ ಕೊಡ್ತಿದ್ದ ಅಂತ. ನನಗೆ ಗೊತ್ತಾಗಲಿಲ್ಲ, ನಿಮ್ಮನ್ನ ಕೇಳ್ಕೊಂಡು ಬಾ ಅಂದರು.”

ಆ ರಾತ್ರಿ ಪುಸ್ತಕವನ್ನು ಮೊದಲಿನಿಂದ ತಿರುವಿ ಹಾಕಿದೆ. ನನ್ನ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ. ಕೆಳಗೆ ತಮ್ಮನ ಸ್ಕೂಟರಿನ ಸದ್ದಾಯಿತು. ಅವನಾದರೆ ಎಷ್ಟು ದಿನದ ಉದ್ರಿ ಕೊಡುತ್ತಾನೆಂದು ಕೇಳೋಣವೆಂದು ಮೆಟ್ಟಿಲಿಳಿದು ಹೋದೆ.